ವೇದಿಕೆಯ ಹಿಂದಿನ ಯಜಮಾನ

ಗೂಡಲೂರು, ಕಂಬಂ, ಉತ್ತಮಪಾಳಯಂ. ತಮಿಳರ ಜೊತೆ ಕನ್ನಡ ಮನೆಮಾತಿನ ಒಕ್ಕಲಿಗರೂ ತಲೆಮಾರುಗಳಿಂದ ಬೇಸಾಯ ಮಾಡಿಕೊಂಡಿರುವ ಕಣಿವೆಯಿದು. ಈ ಕಣಿವೆ ಇರುವ ತಮಿಳುನಾಡಿನ ತೇನಿ ಜಿಲ್ಲೆಯ ಪಣ್ಣೈಪುರದ ಪಾವಲರ್ ವರದರಾಜನ್ ತಮ್ಮಂದಿರನ್ನು ಕಟ್ಟಿಕೊಂಡು, ಹಾರ್ಮೋನಿಯಂ ಹೊತ್ತು ಊರೂರು ಸುತ್ತಿದವರು. ಕಮ್ಯುನಿಸ್ಟ್ ಪಕ್ಷದ ಸಭೆಗಳಲ್ಲಿ ಅವರ ಹಾಡಿಗೆ ಜನ ನೆರೆಯುತ್ತಿದ್ದರು. 1958ರಲ್ಲಿ ಘಟ್ಟದಾಚೆ ಕೇರಳದ ದೇವಿಕುಳಂನಲ್ಲಿ ಉಪಚುನಾವಣೆ ಬಂದಾಗ ಅಲ್ಲಿಗೂ ಹೋಗಿ ಹಾಡಿದರು. ಹದಿಹರೆಯದಲ್ಲೇ ತಂಡ ಸೇರಿದ ತಮ್ಮ ರಾಸಯ್ಯ ಮುಂದೆ ಮದ್ರಾಸಿನಲ್ಲಿ ಸಂಗೀತ ನಿರ್ದೇಶಕ ಜಿ.ಕೆ. ವೆಂಕಟೇಶ್ ಅವರ ಸಹಾಯಕರಾಗಿ ಎಷ್ಟೋ ಕನ್ನಡ ಚಿತ್ರಗಳಿಗೆ ದುಡಿದರು. ಅವರೇ ಇಳಯರಾಜ.

ಹಾಡು ಕಟ್ಟುವುದು, ಹಾಡುವುದು, ತಂಡ ನಡೆಸುವುದು ಮೂರೂ ವರದರಾಜನ್ ಅವರ ಹೆಗಲ ಮೇಲಿದ್ದವು. ರಾಕ್ ಸಂಗೀತದಲ್ಲಿ ಈ ಮೂರನೆಯದೇ ಪ್ರತ್ಯೇಕ ವೃತ್ತಿಯಾಯಿತು. ರೋಲಿಂಗ್ ಸ್ಟೋನ್ಸ್ ತಂಡದ ಹುಟ್ಟಿನಿಂದಲೂ ಇದ್ದ ಪಿಯಾನೊ ವಾದಕ ಇಯನ್ ಸ್ಟುವರ್ಟ್ ಅವರನ್ನು 1963ರಲ್ಲಿ ತಂಡದ ಅಧಿಕೃತ ಪಟ್ಟಿಯಿಂದ ಕೈಬಿಟ್ಟರು. ಅವರು ಮುನಿಸಿಕೊಂಡು ಹೋಗಲಿಲ್ಲ. ವ್ಯಾನ್ ಓಡಿಸಿದರು, ವಾದ್ಯಗಳನ್ನು ಇಳಿಸಿ ಜೋಡಿಸಿದರು, ರೆಕಾರ್ಡಿಂಗ್‌ನಲ್ಲಿ ಪಿಯಾನೊವನ್ನೂ ನುಡಿಸಿದರು. 1985ರಲ್ಲಿ ತೀರಿಕೊಳ್ಳುವವರೆಗೂ ತಂಡವನ್ನು ಬಿಡಲಿಲ್ಲ.

ಇಂದು ಈ ಕೆಲಸ ಮಾಡುವ ಟೂರ್ ಮ್ಯಾನೇಜರ್ ಕೈಯಲ್ಲಿ ‘ಡೇ ಶೀಟ್’ ಎಂಬ ಒಂದು ಹಾಳೆ ಇರುತ್ತದೆ. ಹೋಟೆಲ್ ಬಿಡುವ ಹೊತ್ತು, ಲಾರಿಯಿಂದ ಸಾಮಾನು ಇಳಿಯುವ ಹೊತ್ತು, ಸೌಂಡ್ ಚೆಕ್, ಊಟ, ವೇದಿಕೆ ಏರುವ ನಿಮಿಷ, ಮತ್ತೆ ಬಸ್ ಹೊರಡುವ ಗಳಿಗೆ ಎಲ್ಲವೂ ಅದರಲ್ಲಿರುತ್ತವೆ. ವೀಸಾ, ವಿಮಾನ, ಕಸ್ಟಮ್ಸ್ ಕಾಗದ ಇವರದೇ ಜವಾಬ್ದಾರಿ. ಗಾಯಕರ ಗಂಟಲು ಕಟ್ಟಿದರೆ ಡಾಕ್ಟರನ್ನು ಹುಡುಕುವವರೂ ಇವರೇ. ಜನ ಚಪ್ಪಾಳೆ ತಟ್ಟುತ್ತಿರುವಾಗ ಇವರು ಆಯೋಜಕರ ಜೊತೆ ಕೂತು ಟಿಕೆಟ್ ಲೆಕ್ಕ ಚುಕ್ತಾ ಮಾಡುತ್ತಿರುತ್ತಾರೆ.

ಕರಾರಿನ ಜೊತೆ ‘ರೈಡರ್’ ಎಂಬ ಷರತ್ತುಪಟ್ಟಿಯೂ ಇರುತ್ತದೆ. ಅಮೆರಿಕದ ವ್ಯಾನ್ ಹೇಲೆನ್ ತಂಡದ ಪಟ್ಟಿಯಲ್ಲಿ, ಬಟ್ಟಲಲ್ಲಿ ಎಂ ಅಂಡ್ ಎಂ ಮಿಠಾಯಿ ಇಡಿ, ಆದರೆ ಕಂದು ಬಣ್ಣದ್ದು ಒಂದೂ ಇರಕೂಡದು ಎಂದಿತ್ತು. ಶ್ರೀಮಂತರ ಹುಚ್ಚಾಟವೆಂದು ಜನ ಆಡಿಕೊಂಡರು. ಕಾರಣವನ್ನು ಗಾಯಕ ಡೇವಿಡ್ ಲೀ ರಾತ್ ಆತ್ಮಕಥೆಯಲ್ಲಿ ಬಿಚ್ಚಿಟ್ಟಿದ್ದಾರೆ. ಬಟ್ಟಲಲ್ಲಿ ಕಂದು ಮಿಠಾಯಿ ಕಂಡರೆ ಆಯೋಜಕರು ಷರತ್ತುಗಳನ್ನು ಪೂರ್ತಿ ಓದಿಲ್ಲ ಎಂದು ಅರ್ಥ. ಆಗ ವೇದಿಕೆ ಭಾರ ತಡೆಯುತ್ತದೆಯೇ, ವಿದ್ಯುತ್ ಸಂಪರ್ಕ ಸರಿಯಿದೆಯೇ ಎಂದು ಮೊದಲಿನಿಂದ ನೋಡಿಕೊಂಡು ಬರಬೇಕು. ಟನ್‌ಗಟ್ಟಲೆ ದೀಪ ತಲೆಯ ಮೇಲೆ ತೂಗುವಾಗ ಅದು ಪ್ರಾಣದ ಪ್ರಶ್ನೆ.

ಈ ಎಚ್ಚರ ಎಷ್ಟು ಮುಖ್ಯವೆಂಬುದನ್ನು ನಮ್ಮ ದೇಶವೂ ಕಂಡಿದೆ. ರಾಕ್ ತಂಡ ಮೆಟಾಲಿಕಾ ಭಾರತದಲ್ಲಿ ಮೊದಲು ನುಡಿಸಬೇಕಿದ್ದದ್ದು 2011ರ ಅಕ್ಟೋಬರ್ 28ರಂದು, ಗುಡಗಾಂವ್‌ನಲ್ಲಿ. ವೇದಿಕೆಯ ಮುಂದಿನ ಬ್ಯಾರಿಕೇಡ್ ವಿಷಯದಲ್ಲಿ ಸುರಕ್ಷತೆಯ ಆತಂಕ ಎದ್ದು ಕಾರ್ಯಕ್ರಮ ನಿಂತಿತು. ಕಾದು ರೊಚ್ಚಿಗೆದ್ದ ಜನ ವೇದಿಕೆಗೆ ನುಗ್ಗಿ ಸಾಮಾನು ಒಡೆದರು. ಅಂಥ ರಾತ್ರಿಯ ಮರುದಿನವೂ ಹೊಸ ಡೇ ಶೀಟ್ ಬರೆಯಲೇಬೇಕು. ಅಕ್ಟೋಬರ್ 30ರಂದು ಬೆಂಗಳೂರಿನ ಅರಮನೆ ಮೈದಾನದಲ್ಲಿ ಮೆಟಾಲಿಕಾ ವೇದಿಕೆ ಏರಿತು.