ಸರ್ಪಸುತ್ತು: ವೃದ್ಧಾಶ್ರಮದ ಹಿರಿಯರಿಗೆ ಮೊದಲ ಮೂರು ದಿನಗಳು ಮತ್ತು ಲಸಿಕೆ

(ಆಳಂದ, ಅಫಜಲಪುರ ಹಾಗೂ ಜೇವರ್ಗಿ ತಾಲ್ಲೂಕುಗಳ ಗ್ರಾಮ ಪಂಚಾಯತ್ ಸದಸ್ಯರ ಮಾಹಿತಿಗಾಗಿ)

ದುಡಿಮೆಗಾಗಿ ಮಕ್ಕಳು ಪುಣೆ, ಮುಂಬಯಿ, ಹೈದರಾಬಾದ್, ಬೆಂಗಳೂರಿಗೆ ವಲಸೆ ಹೋಗುವುದರಿಂದ ಈ ತಾಲ್ಲೂಕುಗಳಲ್ಲಿ ಅನೇಕ ಹಿರಿಯರು ಒಂಟಿಯಾಗಿ ಉಳಿಯುತ್ತಾರೆ. ಕೆಲವರು ವೃದ್ಧಾಶ್ರಮ ಇಲ್ಲವೆ ಮಠಗಳ ಆಶ್ರಯದಲ್ಲಿದ್ದರೆ, ದೇವಲ ಗಾಣಗಾಪುರದಂತಹ ಕ್ಷೇತ್ರಗಳಲ್ಲಿ ದೀರ್ಘಕಾಲ ತಂಗುವವರೂ ಇದ್ದಾರೆ. ಇವರನ್ನು ತೀವ್ರವಾಗಿ ಬಾಧಿಸುವ, ಆದರೆ ಸಕಾಲದಲ್ಲಿ ಗುರುತಿಸಿದರೆ ಹಾನಿ ತಗ್ಗಿಸಬಹುದಾದ ಕಾಯಿಲೆ ಸರ್ಪಸುತ್ತು.

ಕಾಯಿಲೆಯ ಮೂಲ

ಬಾಲ್ಯದಲ್ಲಿ ಚಿಕನ್‌ಪಾಕ್ಸ್ ಉಂಟುಮಾಡುವ ವೈರಾಣುವೇ ಸರ್ಪಸುತ್ತಿಗೂ ಕಾರಣ. ಚಿಕನ್‌ಪಾಕ್ಸ್ ವಾಸಿಯಾದ ನಂತರವೂ ಅದು ನರಗಳ ಬುಡದಲ್ಲಿ ಸುಪ್ತವಾಗಿರುತ್ತದೆ. ವಯಸ್ಸಾದಂತೆ ಅಥವಾ ಮಧುಮೇಹದಂತಹ ಕಾಯಿಲೆಗಳಿಂದ ರೋಗನಿರೋಧಕ ಶಕ್ತಿ ಕುಂದಿದಾಗ ಮತ್ತೆ ಜಾಗೃತಗೊಂಡು ನರದ ಮಾರ್ಗವಾಗಿ ಚರ್ಮಕ್ಕೆ ಬರುತ್ತದೆ. ಮೊದಲು ದೇಹದ ಒಂದು ಬದಿಯಲ್ಲಿ ಉರಿ ಮತ್ತು ನೋವು, ಕೆಲವು ದಿನಗಳಲ್ಲಿ ಅದೇ ಜಾಗದಲ್ಲಿ ಪಟ್ಟಿಯಂತೆ ನೀರುಗುಳ್ಳೆಗಳು ಕಾಣಿಸಿಕೊಳ್ಳುತ್ತವೆ.

ಗುಳ್ಳೆಗಳು ಸೊಂಟವನ್ನು ಸುತ್ತಿ ಹೆಡೆ-ಬಾಲ ಕೂಡಿದರೆ ಪ್ರಾಣಾಪಾಯವೆಂಬ ನಂಬಿಕೆಯುಂಟು. ಆದರೆ ಪ್ರತಿಯೊಂದು ನರವೂ ದೇಹದ ಒಂದೇ ಬದಿಗೆ ಸೇರಿರುವುದರಿಂದ ಗುಳ್ಳೆಗಳು ಸಾಮಾನ್ಯವಾಗಿ ನಡುಗೆರೆಯನ್ನು ದಾಟುವುದಿಲ್ಲ.

72 ಗಂಟೆಗಳ ಮಹತ್ವ

ಗುಳ್ಳೆ ಕಾಣಿಸಿದ 72 ಗಂಟೆಗಳೊಳಗೆ ಅಸೈಕ್ಲೋವಿರ್‌ನಂತಹ ಔಷಧಿಯನ್ನು ವೈದ್ಯರ ಸಲಹೆಯಂತೆ ಆರಂಭಿಸಿದರೆ ಹೆಚ್ಚಿನ ಪ್ರಯೋಜನವಿದೆ. ಕೆಮ್ಮಣ್ಣು ಹಚ್ಚಿಸಿ, ಮಂತ್ರ ಹಾಕಿಸಿ ಕಾಯುವಾಗ ಈ ಅಮೂಲ್ಯ ಅವಧಿಯೇ ಕಳೆದುಹೋಗುತ್ತದೆ. ಗುಳ್ಳೆಗಳು ಎರಡರಿಂದ ನಾಲ್ಕು ವಾರಗಳಲ್ಲಿ ತಾವಾಗಿಯೇ ಒಣಗುವುದರಿಂದ ಮಣ್ಣಿನಿಂದಲೇ ವಾಸಿಯಾಯಿತೆಂದು ತೋರುತ್ತದೆ. ನರದ ನೋವು ಮಾತ್ರ ಕೆಲವರಲ್ಲಿ ತಿಂಗಳುಗಟ್ಟಲೆ, ವರ್ಷಗಟ್ಟಲೆ ಉಳಿದು ನಿದ್ರೆ, ಊಟ, ಓಡಾಟವನ್ನು ಕಸಿದುಕೊಳ್ಳುತ್ತದೆ. ವಯಸ್ಸು ಹೆಚ್ಚಿದಂತೆ ಈ ಅಪಾಯವೂ ಹೆಚ್ಚು. ಹಣೆ, ಕಣ್ಣಿನ ಸುತ್ತ ಅಥವಾ ಮೂಗಿನ ತುದಿಯಲ್ಲಿ ಗುಳ್ಳೆ ಕಂಡರೆ ದೃಷ್ಟಿಗೆ ಧಕ್ಕೆಯಾಗಬಹುದು. ಅಂತಹವರನ್ನು ಅದೇ ದಿನ ಆಸ್ಪತ್ರೆಗೆ ಕರೆದೊಯ್ಯಬೇಕು.

ಸರ್ಪಸುತ್ತು ಒಬ್ಬರಿಂದ ಮತ್ತೊಬ್ಬರಿಗೆ ಸರ್ಪಸುತ್ತಾಗಿ ಹರಡುವುದಿಲ್ಲ. ಆದರೆ ಹಿಂದೆ ಚಿಕನ್‌ಪಾಕ್ಸ್ ಆಗದವರಿಗೆ ಗುಳ್ಳೆಯ ನೀರಿನ ಸಂಪರ್ಕದಿಂದ ಚಿಕನ್‌ಪಾಕ್ಸ್ ಬರಬಹುದು. ಆದ್ದರಿಂದ ಗುಳ್ಳೆಗಳು ಒಣಗಿ ಹೊಪ್ಪಳೆ ಕಟ್ಟುವವರೆಗೆ ಅವುಗಳನ್ನು ಸ್ವಚ್ಛ ಬಟ್ಟೆಯಿಂದ ಮುಚ್ಚಬೇಕು. ಟವೆಲ್, ಹಾಸಿಗೆ ಹಂಚಿಕೊಳ್ಳಬಾರದು. ಗರ್ಭಿಣಿಯರು ಮತ್ತು ಶಿಶುಗಳಿಂದ ದೂರವಿರಿಸಬೇಕು. ರೋಗಿಯನ್ನು ಆಶ್ರಮದಿಂದ ಹೊರಹಾಕುವ ಅಗತ್ಯ ಖಂಡಿತ ಇಲ್ಲ.

ಲಸಿಕೆ

50 ವರ್ಷ ಮೇಲ್ಪಟ್ಟವರಿಗಾಗಿ ಶಿಂಗ್ರಿಕ್ಸ್ ಎಂಬ ಲಸಿಕೆ 2023ರಿಂದ ಭಾರತದಲ್ಲಿ ದೊರೆಯುತ್ತಿದೆ. ಎರಡರಿಂದ ಆರು ತಿಂಗಳ ಅಂತರದಲ್ಲಿ ಎರಡು ಡೋಸ್ ಪಡೆಯಬೇಕು. ಅಂತರರಾಷ್ಟ್ರೀಯ ಪರೀಕ್ಷೆಗಳಲ್ಲಿ ಇದು 70 ವರ್ಷ ದಾಟಿದವರಲ್ಲಿಯೂ ಸುಮಾರು ಶೇ. 90ರಷ್ಟು ರಕ್ಷಣೆ ನೀಡಿದೆ. ತೋಳುನೋವು, ಆಯಾಸ, ಜ್ವರ ಎರಡು ಮೂರು ದಿನ ಇರಬಹುದು. ಇದು ರೋಗವನ್ನು ತಡೆಯುವ ಲಸಿಕೆಯೇ ಹೊರತು ಬಂದ ರೋಗಕ್ಕೆ ಚಿಕಿತ್ಸೆಯಲ್ಲ.

ಬ್ರಿಟನ್ 2013ರಿಂದಲೇ ಹಿರಿಯರಿಗೆ ಸರ್ಪಸುತ್ತಿನ ಲಸಿಕೆಯನ್ನು ಸರ್ಕಾರದ ವತಿಯಿಂದ ನೀಡುತ್ತಿದೆ. ನಮ್ಮ ಸಾರ್ವತ್ರಿಕ ಲಸಿಕಾ ಕಾರ್ಯಕ್ರಮದಲ್ಲಿ ಇದು ಸೇರಿಲ್ಲ. ಎರಡು ಡೋಸಿನ ವೆಚ್ಚ ಸುಮಾರು 20,000 ರೂಪಾಯಿ, ಅಂದರೆ ಮಾಸಿಕ 1,200 ರೂಪಾಯಿಯ ಸಂಧ್ಯಾ ಸುರಕ್ಷಾ ಪಿಂಚಣಿಯ ಹದಿನಾರು ತಿಂಗಳಿಗೂ ಮೀರಿದ ಮೊತ್ತ. ಹೀಗಿರುವಾಗ ಉಚಿತ ಲಸಿಕೆಯ ಭರವಸೆಯನ್ನು ಸದಸ್ಯರು ನೀಡಬಾರದು. ಶೀಘ್ರ ಚಿಕಿತ್ಸೆಯ ವ್ಯವಸ್ಥೆಯಾದರೋ ಇಂದೇ ಸಾಧ್ಯ.

ಸದಸ್ಯರು ಕೈಗೊಳ್ಳಬಹುದಾದ ಕ್ರಮಗಳು

ಸಂವಿಧಾನದ ಹನ್ನೊಂದನೆಯ ಅನುಸೂಚಿಯು ಆರೋಗ್ಯ ಮತ್ತು ಸಮಾಜ ಕಲ್ಯಾಣವನ್ನು ಪಂಚಾಯತಿಗಳ ವಿಷಯಗಳಲ್ಲಿ ಸೇರಿಸಿದೆ. ಅದರಂತೆ:

1. ತಮ್ಮ ವ್ಯಾಪ್ತಿಯ ವೃದ್ಧಾಶ್ರಮ, ಮಠ ಹಾಗೂ ತಂಗುದಾಣಗಳಲ್ಲಿರುವ ಹಿರಿಯರ ಪಟ್ಟಿಯನ್ನು ಆಶಾ ಕಾರ್ಯಕರ್ತೆಯರ ನೆರವಿನಿಂದ ಸಿದ್ಧಪಡಿಸುವುದು, ಮಧುಮೇಹಿಗಳನ್ನು ಗುರುತಿಸುವುದು.

2. ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕ ಸಮಿತಿಯ ಸಭೆಯಲ್ಲಿ ವಿಷಯ ಮಂಡಿಸಿ, ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಔಷಧಿಯ ದಾಸ್ತಾನು ಇದೆಯೇ ಎಂದು ವೈದ್ಯಾಧಿಕಾರಿಗಳಿಂದ ತಿಳಿದುಕೊಳ್ಳುವುದು.

3. ಆರೈಕೆ ಸಿಬ್ಬಂದಿಗೆ ಲಕ್ಷಣಗಳನ್ನು ತಿಳಿಸಿ, ಗುಳ್ಳೆ ಕಂಡ ದಿನವೇ ರೋಗಿಯನ್ನು ಕರೆದೊಯ್ಯಲು ವಾಹನ ಮತ್ತು ಜೊತೆಗಾರರನ್ನು ಮೊದಲೇ ನಿಗದಿಪಡಿಸುವುದು.

4. ವೆಚ್ಚ ಭರಿಸಬಲ್ಲ ಕುಟುಂಬಗಳಿಗೂ ದಾನಿಗಳಿಗೂ ಲಸಿಕೆಯ ಮಾಹಿತಿ ನೀಡಿ, ವೈದ್ಯರ ಸಲಹೆ ಪಡೆಯುವಂತೆ ತಿಳಿಸುವುದು.

5. ನಿರ್ಲಕ್ಷ್ಯಕ್ಕೊಳಗಾದ ಹಿರಿಯರಿಗಾಗಿ ಸಹಾಯವಾಣಿ 14567 ಅನ್ನು ಪಂಚಾಯತ್ ಕಚೇರಿಯ ಸೂಚನಾ ಫಲಕದಲ್ಲಿ ಪ್ರಕಟಿಸುವುದು.