ಬೀದರ್ ಬಿಸಿಲಿಗೆ ತಡೆಯುವ ಗೇಮಿಂಗ್ ಲ್ಯಾಪ್‌ಟಾಪ್

ಸಿಇಟಿ ಮುಗಿದು ಸೀಟು ಖಚಿತವಾದ ಮನೆಗಳಲ್ಲಿ ಶುಲ್ಕ, ಹಾಸ್ಟೆಲ್ ಆದ ಮೇಲೆ ಬರುವ ದೊಡ್ಡ ಖರ್ಚು ಲ್ಯಾಪ್‌ಟಾಪಿನದು. ಬೀದರ್‌ನ ಗುರುನಾನಕ್ ದೇವ್ ಎಂಜಿನಿಯರಿಂಗ್ ಕಾಲೇಜು 1980ರಿಂದ, ಭಾಲ್ಕಿಯ ಭೀಮಣ್ಣ ಖಂಡ್ರೆ ತಾಂತ್ರಿಕ ಸಂಸ್ಥೆ 1982ರಿಂದ ಈ ಗಡಿ ಜಿಲ್ಲೆಯ ಮಕ್ಕಳಿಗೆ ಎಂಜಿನಿಯರಿಂಗ್ ಕಲಿಸುತ್ತಿವೆ. ಔರಾದ್ ಕಡೆಯವರು ಇಲ್ಲಿಗೋ, ಹೈದರಾಬಾದ್‌ಗೋ ಹೋಗಿ ರೂಮು ಹಿಡಿಯುತ್ತಾರೆ. ಈಗ ಅನೇಕ ವಿದ್ಯಾರ್ಥಿಗಳ ಬೇಡಿಕೆ ಗೇಮಿಂಗ್ ಲ್ಯಾಪ್‌ಟಾಪೇ. ಎಪ್ಪತ್ತು ಸಾವಿರದಿಂದ ಲಕ್ಷ ದಾಟುವ ಈ ಬೆಲೆ, ಸೋಯಾ ಮತ್ತು ತೊಗರಿ ರಾಶಿಯನ್ನು ನಂಬಿದ ಕುಟುಂಬಕ್ಕೆ ಒಂದು ಹಂಗಾಮಿನ ದುಡಿಮೆ. ಆದ್ದರಿಂದ ಯಂತ್ರವನ್ನು ಅದು ಅತಿ ಚೆನ್ನಾಗಿ ಓಡುವ ಗಳಿಗೆ ನೋಡಿ ಕೊಳ್ಳಬಾರದು. ಮೇ ತಿಂಗಳ ಬಿಸಿಲಲ್ಲಿ, ಕರೆಂಟ್ ಹೋದಾಗ, ಕೆಟ್ಟು ನಿಂತಾಗ ಅದು ಹೇಗಿರುತ್ತದೆ ಎಂಬುದನ್ನು ನೋಡಿ ಕೊಳ್ಳಬೇಕು. ನಾಲ್ಕು ವರ್ಷ ಬಾಳುವ ಆಯ್ಕೆಗೆ ಇದೇ ಸರಿಯಾದ ಅಳತೆಗೋಲು.

ಮೊದಲು ಕೇಳಬೇಕಾದ್ದು, ಓದಿಗೆ ಇದು ಬೇಕೇ ಎಂದು. ಬೀದರ್‌ನ ವೈದ್ಯಕೀಯ ಕಾಲೇಜಿಗೋ ಪಶುವೈದ್ಯಕೀಯ ಕಾಲೇಜಿಗೋ ಸೇರಿದವರಿಗೆ ಪಿಡಿಎಫ್, ವಿಡಿಯೊ, ಪ್ರೆಸೆಂಟೇಶನ್‌ಗೆ ಹಗುರವಾದ ಸಾಧಾರಣ ಲ್ಯಾಪ್‌ಟಾಪ್ ಸಾಕು. ಕಂಪ್ಯೂಟರ್ ಸೈನ್ಸ್ ವಿದ್ಯಾರ್ಥಿಗೆ ಸಿ, ಪೈಥಾನ್, ಜಾವಾ, ಡೇಟಾಬೇಸ್ ಕಲಿಯಲು ಬೇಕಾದ್ದು ಒಳ್ಳೆಯ ಪ್ರೊಸೆಸರ್ ಮತ್ತು 16 ಜಿಬಿ ರ‍್ಯಾಮ್. ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಅಲ್ಲ. ಮೆಷಿನ್ ಲರ್ನಿಂಗ್ ಆರಂಭಿಸುವವರಿಗೂ ಗೂಗಲ್ ಕೊಲ್ಯಾಬ್‌ನಲ್ಲಿ 16 ಜಿಬಿ ಮೆಮೊರಿಯ ಟಿ4 ಕಾರ್ಡ್ ಸಮಯದ ಮಿತಿಯೊಂದಿಗೆ ಉಚಿತವಾಗಿ ಸಿಗುತ್ತದೆ. ಮೆಕ್ಯಾನಿಕಲ್, ಸಿವಿಲ್ ವಿಭಾಗದವರ ಆಟೋಕ್ಯಾಡ್, ಸಾಲಿಡ್‌ವರ್ಕ್ಸ್, ರೆವಿಟ್ ಬಳಕೆಗೆ ವಿಂಡೋಸ್ ಯಂತ್ರವೇ ಅನುಕೂಲ, ಸಾಧಾರಣ ಗ್ರಾಫಿಕ್ಸ್ ಕಾರ್ಡ್ ಇದ್ದರೆ ಕೆಲಸ ಸಲೀಸು. ಬ್ಲೆಂಡರ್‌ನಲ್ಲಿ ರೆಂಡರಿಂಗ್, ಅನ್‌ರಿಯಲ್ ಎಂಜಿನ್‌ನಲ್ಲಿ ಗೇಮ್ ನಿರ್ಮಾಣ, ಮನೆಯಲ್ಲೇ ಮಾಡೆಲ್‌ಗಳಿಗೆ ತರಬೇತಿ ಕೊಡುವ ಕೆಲಸ ಮಾಡುವವರಿಗೆ ಮಾತ್ರ ಬಲವಾದ ಕಾರ್ಡ್ ನಿಜಕ್ಕೂ ಬೇಕಾಗುತ್ತದೆ. ಬಿಡುವಿನಲ್ಲಿ ಆಡಬೇಕು ಎಂಬುದೂ ತಪ್ಪಲ್ಲ. ಆದರೆ ಆ ಆಸೆಗೆ ಎಷ್ಟು ಹಣ ಹೋಗುತ್ತಿದೆ ಎಂಬುದು ಮನೆಯಲ್ಲಿ ಎಲ್ಲರಿಗೂ ಗೊತ್ತಿರಬೇಕು.

ಬೇಕು ಎಂದು ತೀರ್ಮಾನವಾದ ಮೇಲೆ ಹೆಚ್ಚಿನವರು ಎಡವುವುದು ಕಾರ್ಡಿನ ಹೆಸರಿನಲ್ಲಿ. ಆರ್‌ಟಿಎಕ್ಸ್ 4050 ಇರಲಿ, 4060 ಇರಲಿ, ಎನ್ವಿಡಿಯಾ ಲ್ಯಾಪ್‌ಟಾಪ್ ಕಂಪನಿಗಳಿಗೆ ಕೊಟ್ಟಿರುವ ವಿದ್ಯುತ್ ಮಿತಿ (ಟಿಜಿಪಿ) 35ರಿಂದ 115 ವ್ಯಾಟ್. ಅಂದರೆ ಪೆಟ್ಟಿಗೆಯ ಮೇಲೆ ಒಂದೇ ಹೆಸರಿರುವ ಎರಡು ಲ್ಯಾಪ್‌ಟಾಪ್‌ಗಳಲ್ಲಿ ಒಂದು ಇನ್ನೊಂದರ ಅರ್ಧದಷ್ಟು ವಿದ್ಯುತ್ತನ್ನೂ ಕಾರ್ಡಿಗೆ ಕೊಡದಿರಬಹುದು. ಐದು ಎಚ್‌ಪಿ ಮೋಟಾರ್ ಕೂರಿಸಿದರೂ ವೋಲ್ಟೇಜ್ ಇಲ್ಲದಿದ್ದರೆ ಬೋರ್‌ವೆಲ್ ನೀರು ಹೇಗೆ ಸಣ್ಣಗೆ ಬೀಳುತ್ತದೋ, ಇಲ್ಲಿಯೂ ಹಾಗೇ. ತೆಳ್ಳಗಿನ ದೇಹದೊಳಗೆ ಕಡಿಮೆ ವ್ಯಾಟ್‌ನಲ್ಲಿ ಓಡುವ 4060, ಪೂರ್ಣ ವ್ಯಾಟ್ ಪಡೆದ 4050ಗಿಂತ ಹಿಂದೆ ಬೀಳಬಹುದು. ಹಾಗಾಗಿ ಅಂಗಡಿಯವರನ್ನು ಕೇಳಬೇಕಾದ ಪ್ರಶ್ನೆ 'ಯಾವ ಕಾರ್ಡ್?' ಎಂಬಲ್ಲಿಗೆ ನಿಲ್ಲಬಾರದು; 'ಟಿಜಿಪಿ ಎಷ್ಟು ವ್ಯಾಟ್?' ಎಂದೂ ಕೇಳಬೇಕು. ಕಂಪನಿಯ ವೆಬ್‌ಸೈಟಿನಲ್ಲಿ ಆ ಮಾದರಿಯ ವಿವರ ತೆರೆದರೆ ಈ ಸಂಖ್ಯೆ ಸಾಮಾನ್ಯವಾಗಿ ಸಿಗುತ್ತದೆ.

ಕಾರ್ಡಿಗೆ ಕೊಟ್ಟ ವಿದ್ಯುತ್ತೆಲ್ಲ ಕೊನೆಗೆ ಶಾಖವಾಗುತ್ತದೆ. ಇಲ್ಲಿ ಊರಿನ ಹವೆ ಲೆಕ್ಕಕ್ಕೆ ಬರುತ್ತದೆ. ಲ್ಯಾಪ್‌ಟಾಪಿನ ಫ್ಯಾನು ಕೋಣೆಯ ಗಾಳಿಯನ್ನೇ ಒಳಗೆಳೆದು ಶಾಖವನ್ನು ಹೊರಹಾಕುತ್ತದೆ; ಆ ಗಾಳಿಗಿಂತ ತಣ್ಣಗೆ ಮಾಡುವ ಶಕ್ತಿ ಅದಕ್ಕಿಲ್ಲ. ಯೂಟ್ಯೂಬ್ ವಿಮರ್ಶೆಯ ಪರೀಕ್ಷೆ ನಡೆಯುವುದು ಎಸಿ ಕೋಣೆಯಲ್ಲಾದರೆ ಅಲ್ಲಿನ ಗಾಳಿ ಸುಮಾರು 25 ಡಿಗ್ರಿ. ಬೀದರ್‌ನ ಬೇಸಿಗೆಯಲ್ಲಿ ಹೊರಗೆ 40 ಡಿಗ್ರಿ ಇರುವಾಗ ಆರ್‌ಸಿಸಿ ಛಾವಣಿಯ ಮೇಲ್ಮಹಡಿ ರೂಮು ಅದಕ್ಕಿಂತ ತಂಪಾಗಿರುವುದಿಲ್ಲ. ಪ್ರೊಸೆಸರ್ ಸುಮಾರು 95ರಿಂದ 100 ಡಿಗ್ರಿ ಮುಟ್ಟುತ್ತಿದ್ದಂತೆ ತನ್ನನ್ನು ಉಳಿಸಿಕೊಳ್ಳಲು ವೇಗ ತಗ್ಗಿಸುತ್ತದೆ. ವಿಮರ್ಶೆಯಲ್ಲಿ 85 ಡಿಗ್ರಿಗೆ ನಿಂತ ಯಂತ್ರ, ನಮ್ಮ ರೂಮಿನಲ್ಲಿ ಹದಿನೈದು ಡಿಗ್ರಿ ಮೇಲೇರಿ ಆ ಗಡಿಗೆ ಬಂದು ನಿಲ್ಲುತ್ತದೆ. ಕೊಟ್ಟ ಹಣದ ವೇಗ ಬೇಸಿಗೆಯುದ್ದಕ್ಕೂ ಕೈಗೆ ಸಿಗುವುದೇ ಇಲ್ಲ. ತುಸು ದಪ್ಪವಾದ, ಎರಡು ಫ್ಯಾನಿನ, ಹಿಂದೆ ಮತ್ತು ಪಕ್ಕದಲ್ಲಿ ಗಾಳಿಕಿಂಡಿ ಇರುವ, ವಿಮರ್ಶೆಯಲ್ಲಿ ತಣ್ಣಗೆ ಓಡಿದ ಮಾದರಿಯನ್ನೇ ಇಲ್ಲಿಯವರು ಆರಿಸಬೇಕಾದ್ದು ಇದಕ್ಕಾಗಿ. ಹಾಸಿಗೆಯ ಮೇಲಿಟ್ಟು ಗಾಳಿಕಿಂಡಿ ಮುಚ್ಚಬಾರದು. ಧೂಳು ಫ್ಯಾನಿನಲ್ಲಿ ಕೂರುವುದರಿಂದ ವರ್ಷಕ್ಕೊಮ್ಮೆಯಾದರೂ ಸ್ವಚ್ಛ ಮಾಡಿಸಬೇಕು.

ಕರೆಂಟಿನ ಲೆಕ್ಕವೂ ಇಷ್ಟೇ ಕಟ್ಟುನಿಟ್ಟು. ಪೂರ್ತಿ ವೇಗದಲ್ಲಿ 150 ವ್ಯಾಟ್ ಎಳೆಯುವ ಯಂತ್ರಕ್ಕೆ 60 ವ್ಯಾಟ್-ಅವರ್ ಬ್ಯಾಟರಿ ಇದ್ದರೆ ಅದು ನಿಲ್ಲುವುದು 24 ನಿಮಿಷ. ವಾಸ್ತವದಲ್ಲಿ ಚಾರ್ಜರ್ ತೆಗೆದ ಕೂಡಲೇ ಲ್ಯಾಪ್‌ಟಾಪ್ ತನ್ನ ಶಕ್ತಿಯನ್ನು ತಾನೇ ಕಡಿತ ಮಾಡಿಕೊಳ್ಳುತ್ತದೆ. ಅದೇ ಬ್ಯಾಟರಿ 15 ವ್ಯಾಟ್‌ನ ಟೈಪಿಂಗ್, ಕೋಡಿಂಗ್‌ಗೆ ನಾಲ್ಕು ಗಂಟೆ ಬರುತ್ತದೆ. ವಿಮಾನಗಳಲ್ಲಿ ಸಾಮಾನ್ಯವಾಗಿ 100 ವ್ಯಾಟ್-ಅವರ್‌ವರೆಗಿನ ಬ್ಯಾಟರಿಗೆ ಮಾತ್ರ ಮುಕ್ತ ಅನುಮತಿ ಇರುವುದರಿಂದ ಕಂಪನಿಗಳೂ ಆ ಗಡಿ ದಾಟುವುದಿಲ್ಲ. ಜೆಸ್ಕಾಂ ವಿದ್ಯುತ್ ಕೈಕೊಡುವ ಹಳ್ಳಿಯಲ್ಲಿ ಓದುವವರು 70 ವ್ಯಾಟ್-ಅವರ್‌ಗಿಂತ ದೊಡ್ಡ ಬ್ಯಾಟರಿ, ಮನೆಯಲ್ಲಿ ಸೈನ್‌ವೇವ್ ಇನ್ವರ್ಟರ್, ಪ್ಲಗ್ಗಿಗೆ ಸರಿಯಾದ ಅರ್ಥಿಂಗ್ ಇರುವಂತೆ ನೋಡಿಕೊಳ್ಳಬೇಕು.

ಕೆಟ್ಟಾಗ ಯಾರು ಬರುತ್ತಾರೆ ಎಂಬುದು ಮೂರನೆಯ ಪರೀಕ್ಷೆ. ಬೆಂಗಳೂರು ದೂರ, ಹೈದರಾಬಾದ್ ಸುಮಾರು 140 ಕಿಲೋಮೀಟರ್. ಸಿಕಂದರಾಬಾದ್‌ನ ಸಿಟಿಸಿ ಕಂಪ್ಯೂಟರ್ ಮಾರುಕಟ್ಟೆಯಲ್ಲಿ ಎರಡು ಸಾವಿರ ಕಡಿಮೆಗೆ ಸಿಕ್ಕಿತೆಂದು ತಂದ ಯಂತ್ರ ಪರೀಕ್ಷೆಯ ವಾರದಲ್ಲಿ ನಿಂತರೆ ಆ ಉಳಿತಾಯ ಬಸ್ಸು, ಊಟ, ಕಳೆದ ದಿನಗಳಲ್ಲೇ ಕರಗುತ್ತದೆ. 'ಆನ್‌ಸೈಟ್ ವಾರಂಟಿ' ಎಂದು ಬರೆದಿದ್ದರೆ ಸಾಲದು. ಬೀದರ್‌ನ 585401, ಭಾಲ್ಕಿಯ 585328, ಔರಾದ್‌ನ 585326 ಪಿನ್‌ಕೋಡ್‌ಗೆ ಮನೆಬಾಗಿಲಿಗೆ ಬರುತ್ತಾರೆಯೇ ಎಂದು ಕಂಪನಿಯ ಸಹಾಯವಾಣಿಗೆ ಕರೆ ಮಾಡಿ ಖಚಿತಪಡಿಸಿಕೊಳ್ಳಬೇಕು. ಎರಡು ರ‍್ಯಾಮ್ ಸ್ಲಾಟ್, ಇನ್ನೊಂದು ಎಸ್‌ಎಸ್‌ಡಿಗೆ ಜಾಗ ಇದ್ದರೆ ಮೂರನೇ ವರ್ಷಕ್ಕೆ ಹೊಸ ಲ್ಯಾಪ್‌ಟಾಪ್ ಕೊಳ್ಳುವ ಒತ್ತಡವೂ ಇರುವುದಿಲ್ಲ.

ಇದಕ್ಕೆ ಆಕ್ಷೇಪಗಳಿವೆ. ಮುಂದೆ ಬೇಕಾದೀತು, ಈಗಲೇ ದೊಡ್ಡ ಕಾರ್ಡ್ ತೆಗೆದುಕೊಳ್ಳೋಣ ಎಂಬುದು ಒಂದು. ಲ್ಯಾಪ್‌ಟಾಪಿನ ಗ್ರಾಫಿಕ್ಸ್ ಕಾರ್ಡನ್ನು ಬದಲಿಸಲಾಗುವುದಿಲ್ಲ, ನಿಜ. ಅದರಲ್ಲೂ ಕಾರ್ಡಿನ ಮೆಮೊರಿ 6 ಜಿಬಿಗಿಂತ 8 ಜಿಬಿ ಇದ್ದರೆ ಹೆಚ್ಚು ಕಾಲ ಉಪಯೋಗಕ್ಕೆ ಬರುತ್ತದೆ. ಆದರೆ ಶಾಖದಿಂದ ಕುಂಟುವ ದೊಡ್ಡ ಕಾರ್ಡು ಇಂದಿಗೂ ಒದಗದು, ನಾಳೆಗೂ ಒದಗದು. ಅದೇ ಹಣಕ್ಕೆ ಡೆಸ್ಕ್‌ಟಾಪ್ ಹೆಚ್ಚು ವೇಗ ಕೊಡುತ್ತದೆ ಎಂಬುದು ಇನ್ನೊಂದು. ಅದೂ ನಿಜವೇ, ಬೀದರ್‌ನಲ್ಲೇ ಮನೆಯಿದ್ದು ಕಾಲೇಜಿಗೆ ಹೋಗಿ ಬರುವವರು ಯುಪಿಎಸ್ ಸಹಿತ ಡೆಸ್ಕ್‌ಟಾಪನ್ನು ಖಂಡಿತ ಪರಿಗಣಿಸಬೇಕು. ರೂಮು, ಹಾಸ್ಟೆಲ್, ಊರು ಎಂದು ಓಡಾಡುವವರಿಗೆ ಅದು ಆಗದ ಮಾತು. ಮಕ್ಕಳು ಆಟದಲ್ಲೇ ಮುಳುಗುತ್ತಾರೆ ಎಂಬ ಹೆತ್ತವರ ಆತಂಕವನ್ನೂ ತಳ್ಳಿಹಾಕುವಂತಿಲ್ಲ. ಆದರೆ ಆಟದ ಚಟಕ್ಕೆ ಜೇಬಿನಲ್ಲಿರುವ ಮೊಬೈಲೇ ಸಾಕು. ಅದಕ್ಕೆ ಮದ್ದು ಮನೆಯ ಮಾತುಕತೆ ಮತ್ತು ಶಿಸ್ತು, ದುರ್ಬಲ ಲ್ಯಾಪ್‌ಟಾಪ್ ಅಲ್ಲ.

ಹಾಗಾದರೆ ಎಂಬತ್ತು ಸಾವಿರದ ಆಸುಪಾಸಿನಲ್ಲಿ ಕೊಳ್ಳುವವರು ಹಣವನ್ನು ಈ ಕ್ರಮದಲ್ಲಿ ಹಂಚಲಿ: ಮೊದಲು ತಣ್ಣಗೆ ಓಡುವ ದೇಹ, ಆಮೇಲೆ ಊರಿಗೆ ಬರುವ ಸರ್ವಿಸ್, ನಂತರ 16 ಜಿಬಿ ರ‍್ಯಾಮ್, ಕೊನೆಗೆ ಉಳಿದ ಹಣಕ್ಕೆ ಸಿಗುವ ಪೂರ್ಣ ವ್ಯಾಟಿನ ಕಾರ್ಡ್. ಜಾಹೀರಾತು ಈ ಪಟ್ಟಿಯನ್ನು ತಲೆಕೆಳಗು ಮಾಡಿ ತೋರಿಸುತ್ತದೆ. ಸಾಲ ಮಾಡಿ ಕೊಳ್ಳುವ ಮನೆಗೆ ಜಾಹೀರಾತಿನ ಕ್ರಮ ದುಬಾರಿಯಾಗುತ್ತದೆ, ಈ ಕ್ರಮ ನಾಲ್ಕನೇ ವರ್ಷದ ಪ್ರಾಜೆಕ್ಟ್‌ವರೆಗೂ ಕೈಹಿಡಿಯುತ್ತದೆ.