ಟಿಕೆಟ್ ಹಣದಿಂದ ಹುಟ್ಟಿದ ಸಿನಿಮಾ: ಬುರ್ಕಿನಾ ಫಾಸೊ ಕಥೆ

ವ್ಯವಹಾರ ಅಧ್ಯಯನದ ಪಠ್ಯದಲ್ಲಿ ನಾವು 'ವಿತರಣಾ ಮಾರ್ಗ' ಎಂಬ ಪಾಠ ಓದುತ್ತೇವೆ. ಉತ್ಪಾದಕನಿಂದ ಗ್ರಾಹಕನವರೆಗೆ ಸರಕು ಸಾಗುವ ದಾರಿ ಎಂದು ಬರೆದರೆ ಅಂಕ ಸಿಗುತ್ತದೆ. ಆ ದಾರಿ ಬೇರೆಯವರ ಕೈಯಲ್ಲಿದ್ದರೆ ಏನಾಗುತ್ತದೆ ಎಂಬುದಕ್ಕೆ ಪಶ್ಚಿಮ ಆಫ್ರಿಕಾದ ಒಂದು ಬಡ ದೇಶದ ಸಿನಿಮಾ ಇತಿಹಾಸ ಒಳ್ಳೆಯ ಉದಾಹರಣೆ.

ಆ ದೇಶ ಬುರ್ಕಿನಾ ಫಾಸೊ. ಇದರ ರಾಜಧಾನಿ ವಾಗಡೂಗು. ಫ್ರಾನ್ಸ್ ಆಳ್ವಿಕೆಯಲ್ಲಿದ್ದ ಇದು 1960ರಲ್ಲಿ ಸ್ವತಂತ್ರವಾಯಿತು. ಆಗ ಇದರ ಹೆಸರು ಅಪ್ಪರ್ ವೋಲ್ಟಾ. 1984ರಲ್ಲಿ ತಾಮಸ್ ಸಂಕಾರಾ ಸರ್ಕಾರ ಈಗಿನ ಹೆಸರನ್ನು ಇಟ್ಟಿತು. 'ಪ್ರಾಮಾಣಿಕರ ನಾಡು' ಎಂದು ಇದರ ಅರ್ಥ.

ವಸಾಹತು ಕಾಲದಲ್ಲಿ ಆಫ್ರಿಕನ್ನರು ತಮ್ಮ ನಾಡನ್ನು ತಾವೇ ಚಿತ್ರಿಸುವುದು ಸುಲಭವಾಗಿರಲಿಲ್ಲ. 1934ರ ಫ್ರೆಂಚ್ ಆದೇಶದಂತೆ ವಸಾಹತುಗಳಲ್ಲಿ ಚಿತ್ರೀಕರಣಕ್ಕೆ ಸರ್ಕಾರದ ಪರವಾನಗಿ ಬೇಕಿತ್ತು. ಸ್ವಾತಂತ್ರ್ಯ ಬಂದ ಮೇಲೂ ಚಿತ್ರಮಂದಿರ ಮತ್ತು ವಿತರಣೆ ಎರಡೂ ಫ್ರೆಂಚರ ಎರಡು ಕಂಪನಿಗಳ ಹಿಡಿತದಲ್ಲೇ ಉಳಿದವು. ಫ್ರೆಂಚ್ ಬಳಸುವ ಹತ್ತಾರು ಆಫ್ರಿಕನ್ ದೇಶಗಳಲ್ಲಿ ಇದೇ ಸ್ಥಿತಿ. ಹಳೆಯ ಅಮೆರಿಕನ್, ಫ್ರೆಂಚ್ ಸಿನಿಮಾಗಳ ಜೊತೆ ನಮ್ಮ ಹಿಂದಿ ಸಿನಿಮಾಗಳೂ ಅಲ್ಲಿ ಓಡುತ್ತಿದ್ದವು. ಅಗ್ಗಕ್ಕೆ ಸಿಗುವ ಹಳೆಯ ಸಿನಿಮಾದಿಂದಲೇ ಲಾಭ ಬರುತ್ತಿರುವಾಗ ಸ್ಥಳೀಯ ಸಿನಿಮಾಕ್ಕೆ ಬಂಡವಾಳ ಹಾಕುವ ಅಗತ್ಯ ಆ ಕಂಪನಿಗಳಿಗೆ ಇರಲಿಲ್ಲ.

1970ರಲ್ಲಿ ಅಪ್ಪರ್ ವೋಲ್ಟಾ ಸರ್ಕಾರ ದೊಡ್ಡ ಹೆಜ್ಜೆ ಇಟ್ಟಿತು. ದೇಶದಲ್ಲಿದ್ದ ಬೆರಳೆಣಿಕೆಯ ಚಿತ್ರಮಂದಿರಗಳನ್ನು ರಾಷ್ಟ್ರೀಕರಣ ಮಾಡಿ, ಅವುಗಳನ್ನು ನಡೆಸಲು ಸರ್ಕಾರಿ ಕಂಪನಿ ಸ್ಥಾಪಿಸಿತು. ಆದರೆ ಕಟ್ಟಡ ಕೈಗೆ ಬಂದರೂ ಸಿನಿಮಾ ಬರಬೇಕಲ್ಲ? ವಿತರಕರು ಸಿನಿಮಾ ಕೊಡುವುದನ್ನು ನಿಲ್ಲಿಸಿದರು. ಕೊನೆಗೆ ಸರ್ಕಾರ ಅವರ ಜೊತೆ ಒಪ್ಪಂದ ಮಾಡಿಕೊಳ್ಳಬೇಕಾಯಿತು. ಅಂಗಡಿ ನಮ್ಮದಾದರೆ ಸಾಲದು, ಸರಕಿನ ದಾರಿಯೂ ಬೇಕು ಎಂದು ಇಲ್ಲಿ ಸ್ಪಷ್ಟವಾಗುತ್ತದೆ.

ನನಗೆ ಹೆಚ್ಚು ಇಷ್ಟವಾದದ್ದು ನಂತರದ ಏರ್ಪಾಡು. ಟಿಕೆಟ್ ಆದಾಯದ ಒಂದು ಪಾಲು ಸಿನಿಮಾ ನಿರ್ಮಾಣ ನಿಧಿಗೆ ಹೋಗುತ್ತಿತ್ತು. ಲಾಭದಲ್ಲಿ ಸ್ವಲ್ಪ ತೆಗೆದು ಮೀಸಲು ನಿಧಿಗೆ ವರ್ಗಾಯಿಸುವ ಲೆಕ್ಕ ನಾವೂ ಮಾಡುತ್ತೇವಲ್ಲ, ಹಾಗೆಯೇ. ಹೊರದೇಶದ ಸಿನಿಮಾ ನೋಡಲು ಬಂದವರ ಹಣದಿಂದಲೇ ಸ್ವದೇಶಿ ಸಿನಿಮಾ ತಯಾರಾಯಿತು. 1976ರಲ್ಲಿ ವಾಗಡೂಗು ವಿಶ್ವವಿದ್ಯಾಲಯದಲ್ಲಿ ಸಿನಿಮಾ ಶಿಕ್ಷಣ ಸಂಸ್ಥೆಯೂ ಶುರುವಾಯಿತು.

ಇದರ ಫಲ 1982ರಲ್ಲಿ ಗಾಸ್ತೊನ್ ಕಾಬೊರೆ ನಿರ್ದೇಶಿಸಿದ 'ವೆಂಡ್ ಕೂನಿ'. ಈ ಹೆಸರಿಗೆ 'ದೇವರ ಕೊಡುಗೆ' ಎಂದು ಅರ್ಥ. ಕಾಡಿನಲ್ಲಿ ಸಿಕ್ಕ, ಮಾತು ಕಳೆದುಕೊಂಡ ಹುಡುಗನೊಬ್ಬನ ಕಥೆ ಇದು. ಪಾತ್ರಗಳು ಆಡುವ ಭಾಷೆ ಫ್ರೆಂಚ್ ಅಲ್ಲ, ಅಲ್ಲಿನ ಜನರ ಮೋರೆ. ಇದಕ್ಕೂ ಮೊದಲು, 1968ರಲ್ಲಿ, ಸೆನೆಗಲ್‌ನ ಉಸ್ಮಾನ್ ಸೆಂಬೆನ್ 'ಮಂಡಾಬಿ'ಯನ್ನು ವೊಲೊಫ್ ಭಾಷೆಯಲ್ಲಿ ಮಾಡಿದ್ದರು. ಅವರು ಫ್ರೆಂಚ್‌ನಲ್ಲಿ ಕಾದಂಬರಿ ಬರೆಯುತ್ತಿದ್ದವರು. ಓದು ಬಾರದ ಸ್ವಂತ ಜನರಿಗೂ ಕಥೆ ತಲುಪಲಿ ಎಂದು ಸಿನಿಮಾಕ್ಕೆ ಬಂದರು. ಮನೆಯಲ್ಲಿ ಉರ್ದು, ಕಾಲೇಜಿನಲ್ಲಿ ಕನ್ನಡ, ಲೆಕ್ಕಪತ್ರಕ್ಕೆ ಇಂಗ್ಲಿಷ್ ಬಳಸುವ ನನಗೆ ಈ ವಿಷಯ ಬಿಡಿಸಿ ಹೇಳಬೇಕಾಗಿಲ್ಲ. ಅಮ್ಮಿ ಆಡುವ ಮಾತು ಪರದೆಯ ಮೇಲೆ ಕೇಳಿದರೆ ಆ ಕಥೆ ನಮ್ಮದು ಎನಿಸುತ್ತದೆ.

ವಾಗಡೂಗುವಿನಲ್ಲಿ 1969ರಲ್ಲಿ ಆರಂಭವಾದ ಆಫ್ರಿಕನ್ ಸಿನಿಮಾ ಉತ್ಸವ ಈಗ 'ಫೆಸ್ಪಾಕೊ' ಎಂದು ಪ್ರಸಿದ್ಧ. ಎರಡು ವರ್ಷಕ್ಕೊಮ್ಮೆ ನಡೆಯುವ ಇದರ ಅತ್ಯುನ್ನತ ಪ್ರಶಸ್ತಿಯ ಹೆಸರು 'ಯೆನೆಂಗಾ ಚಿನ್ನದ ಕುದುರೆ'. ಯೆನೆಂಗಾ ಮೊಸ್ಸಿ ಜನರ ಐತಿಹ್ಯದ ಕುದುರೆ ಸವಾರಿಯ ರಾಜಕುಮಾರಿ. ಇದೇ ದೇಶದ ಇದ್ರಿಸಾ ಊಡ್ರಾವೊಗೊ ಅವರ 'ತಿಲಾಯಿ'ಗೆ 1990ರಲ್ಲಿ ಕಾನ್ ಉತ್ಸವದ ಗ್ರ್ಯಾಂಡ್ ಪ್ರಿ ಪ್ರಶಸ್ತಿಯೂ, 1991ರಲ್ಲಿ ಈ ಚಿನ್ನದ ಕುದುರೆಯೂ ಸಿಕ್ಕಿದವು.

ಆದರೆ ಎಲ್ಲವೂ ಸುಖಾಂತ್ಯವಲ್ಲ. 1987ರಲ್ಲಿ ಆ ಶಿಕ್ಷಣ ಸಂಸ್ಥೆ ಮುಚ್ಚಿತು. ಸರ್ಕಾರಗಳು ಖರ್ಚು ಕಡಿತ ಮಾಡಿದವು, ಮನೆಮನೆಗೆ ಟಿವಿ, ವಿಡಿಯೋ ಬಂದವು, ಹಲವು ಚಿತ್ರಮಂದಿರಗಳು ಬಾಗಿಲು ಹಾಕಿದವು. ಟಿಕೆಟ್ ಮಾರಾಟವೇ ಇಲ್ಲದಿದ್ದರೆ ನಿಧಿಗೆ ಹಣ ಎಲ್ಲಿಂದ ಬರಬೇಕು? ಲೆಕ್ಕ ಎರಡೂ ಕಡೆಗೆ ಕೆಲಸ ಮಾಡುತ್ತದೆ.

ಆದರೂ ಅವರು ಕೈಬಿಡಲಿಲ್ಲ. 1997ರಲ್ಲಿ ಕಾಬೊರೆ ಅವರ 'ಬೂದ್ ಯಾಮ್' ಗೆದ್ದ ಮೇಲೆ ಚಿನ್ನದ ಕುದುರೆ ಬೇರೆ ದೇಶಗಳ ಪಾಲಾಗುತ್ತಿತ್ತು. 28 ವರ್ಷಗಳ ನಂತರ, 2025ರಲ್ಲಿ, ದಾನಿ ಕುಯಾಟೆ ಅವರ 'ಕತಾಂಗಾ' ಅದನ್ನು ಮನೆಗೆ ತಂದಿತು. ಶೇಕ್ಸ್‌ಪಿಯರ್‌ನ ಮ್ಯಾಕ್‌ಬೆತ್ ನಾಟಕವನ್ನು ಮೋರೆ ಭಾಷೆಗೆ ತಂದ ಸಿನಿಮಾ ಅದು.

ವಾಣಿಜ್ಯ ಓದುವವರಿಗೆ ಕಲೆಯ ಗೊಡವೆ ಏಕೆ ಎಂದು ಕೆಲವು ಗೆಳೆಯರು ಕೇಳುತ್ತಾರೆ. ಒಂದು ದೇಶದ ಜನರ ಕಥೆ ಪರದೆಗೆ ಬರಲು ನಿರ್ದೇಶಕರಷ್ಟೇ ಸಾಲದು. ಟಿಕೆಟ್ ಹಣ ಎಲ್ಲಿಗೆ ಹೋಗಬೇಕು ಎಂದು ಯೋಚಿಸುವವರೂ ಬೇಕು. ಆ ಕೆಲಸಕ್ಕೆ ನಮ್ಮಂಥವರೇ ತಯಾರಾಗಬೇಕಲ್ಲವೇ?